ಭೋಸರಿಯ ಡಾಲ್ಫಿನ್: ಒಂಬತ್ತು ಲಕ್ಷ ಕೇಳುತ್ತಿರುವ ಹಳೇ ರೇಸ್ ಕಾರು

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಒಂದು ಗ್ಯಾರೇಜಿನಲ್ಲಿ ಸಿಪಾನಿ ಡಾಲ್ಫಿನ್ ಮಾರಾಟಕ್ಕಿದೆ. ರೇಸಿನಲ್ಲಿ ಓಡಿದ ಕಾರು. ಕೇಳುತ್ತಿರುವ ಬೆಲೆ ಒಂಬತ್ತು ಲಕ್ಷ. ಜಾಹೀರಾತಿನಲ್ಲಿ "ಶೋಲಾವರಂ ವಿನ್ನರ್, ವಿಂಟೇಜ್ ರೇಸ್ ಕಾರ್" ಎಂದು ಹಾಕಿದ್ದಾರೆ. ಶೋಲಾವರಂ ಅಂದರೆ ಹಳೇ ಕಾಲದ ರೇಸ್ ಜಾಗ. ಕೊಳ್ಳಬಹುದಾ ಅಂತ ಕೇಳಿದರೆ ಕೊಳ್ಳಬಹುದು. ಆದರೆ ಒಂಬತ್ತಕ್ಕಲ್ಲ. ಇದನ್ನು ಉಜ್ಜಿ, ಬಣ್ಣ ಹೊಡೆಸಿ, ಹೊಸದರ ಹಾಗೆ ಮಾಡಿ ನಿಲ್ಲಿಸಬೇಕು ಅನ್ನುವವರು ಮಾತ್ರ ದಯವಿಟ್ಟು ಬೇರೆ ಕಾರು ನೋಡಿಕೊಳ್ಳಿ.

ನಾನು ರಾಣೆಬೆನ್ನೂರಿನವನು. ಭೋಸರಿಯಲ್ಲೇ ನನ್ನದೊಂದು ಫೈಬರ್ ಶೆಡ್ ಇದೆ. ಬಸ್ಸಿನ ಬಂಪರ್, ಮೆಷಿನ್ ಕವರ್, ಕೂಲಿಂಗ್ ಟವರಿನ ಭಾಗ, ಹೀಗೆ ರೆಸಿನ್ (ಅಂಟು) ಮತ್ತು ಮ್ಯಾಟ್ (ಗಾಜಿನ ನಾರಿನ ಹಾಸು) ಕೆಲಸದಲ್ಲೇ ತಲೆ ಹಣ್ಣಾಗಿದೆ. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಹಳೇ ರೇಸ್ ಕಾರುಗಳ ಹುಚ್ಚು. "ಮಾಮಾ, ಬಾಡಿ ಪೂರ್ತಿ ಫೈಬರ್. ನಿಮಗಿಂತ ಚೆನ್ನಾಗಿ ನೋಡೋರು ಯಾರಿದ್ದಾರೆ, ಒಂದ್ಸಲ ಹೋಗಿ ಬನ್ನಿ" ಅಂದ. ಎಂಜಿನ್ ನೋಡಲು ಚಿಂಚ್ವಡದ ಒಬ್ಬ ಗೆಳೆಯನನ್ನು ಕರೆದುಕೊಂಡು ಹೋದೆ.

ಈಗಿನ ಹುಡುಗರಿಗೆ ಡಾಲ್ಫಿನ್ ಅಂದರೆ ಗೊತ್ತಿರಲಿಕ್ಕಿಲ್ಲ. ಇದು ನಮ್ಮ ಬೆಂಗಳೂರಿನಲ್ಲೇ ತಯಾರಾದ ಕಾರು. ಮೂರು ಚಕ್ರದ ಬಾದಲ್ ಮಾಡಿದ ಸಿಪಾನಿಯವರೇ 1982ರಲ್ಲಿ ಇದನ್ನು ತಂದರು. ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್. ಕೆಳಗೆ ಏಣಿ ಆಕಾರದ ಉಕ್ಕಿನ ಚಾಸಿ. ಮೇಲೆ ಫೈಬರ್ ಬಾಡಿ. ಮುಂದೆ 848 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಅದೂ ಪೂರ್ತಿ ಅಲ್ಯೂಮಿನಿಯಂ. ಹಿಂದಿನ ಚಕ್ರಕ್ಕೆ ಶಕ್ತಿ. ಶಕ್ತಿ ಅಂದರೂ ಸುಮಾರು 40 ಎಚ್‌ಪಿ ಅಷ್ಟೇ. ಆದರೆ ಕಿಟನ್‌ನ ತೂಕವೇ ಐದು ಕ್ವಿಂಟಲ್ ಚಿಲ್ಲರೆ. ಆಗಿನ ಅಂಬಾಸಿಡರ್, ಪದ್ಮಿನಿಗಳ ಪಕ್ಕದಲ್ಲಿ ಇದು ಏನೂ ಅಲ್ಲದಷ್ಟು ಹಗುರ.

ಆ ಹಗುರವೇ ಇದನ್ನು ರೇಸಿಗೆ ಎಳೆದದ್ದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮನೆಮಂದಿ ಎಲ್ಲ ಆ ಕಡೆ ಹೋದರು. ಎರಡೇ ಬಾಗಿಲಿನ ಫೈಬರ್ ಕಾರನ್ನು ಕೇಳುವವರು ಕಡಿಮೆಯಾದರು. ರ‍್ಯಾಲಿಯವರು, ರೇಸಿನವರು ಮಾತ್ರ ಬಿಡಲಿಲ್ಲ. ಹಿಂದಿನ ಚಕ್ರ ತಳ್ಳುವ ಹಗುರ ಕಾರು, ತಿರುವಿನಲ್ಲಿ ಹಿಂಭಾಗ ಜಾರಿಸಿ ತಿರುಗಿಸಬಹುದು. ಬಾಡಿ ಒಡೆದರೆ ಟಿಂಕರ್ ಬೇಕಿಲ್ಲ, ರಾತ್ರಿ ಮ್ಯಾಟ್ ಹಾಕಿ ರೆಸಿನ್ ಹಚ್ಚಿದರೆ ಬೆಳಿಗ್ಗೆ ಮತ್ತೆ ಓಡಿಸಬಹುದು. ಇಂಗ್ಲೆಂಡಿನಲ್ಲೂ ಇದೇ ರಿಲಯಂಟ್ ಎಂಜಿನ್ ಹಾಕಿಕೊಂಡು 750 ಫಾರ್ಮುಲಾ ರೇಸುಗಳಲ್ಲಿ ವರ್ಷಗಟ್ಟಲೆ ಓಡಿಸಿದ್ದಾರೆ.

ಶೋಲಾವರಂ ಮದರಾಸಿನ ಹತ್ತಿರದ್ದು. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್‌ನವರು ಅಲ್ಲೇ ರೇಸ್ ನಡೆಸುತ್ತಿದ್ದರು. ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬರುವ ತನಕ ನಮ್ಮ ದೇಶದ ರೇಸ್ ಅಂದರೆ ಶೋಲಾವರಂ. ಪುಣೆ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ಹಿರಿಯರೊಬ್ಬರು ರೈಲಿನಲ್ಲಿ ಹೋಗಿ ಆ ರೇಸುಗಳನ್ನು ನೋಡಿದವರು. ಡಾಲ್ಫಿನ್ ಹೆಸರು ಎತ್ತಿದ್ದಕ್ಕೆ ಅವರ ಮುಖವೇ ಅರಳಿತು. "ಒಳಗಿನ ಚಕ್ರ ಎತ್ತಿಕೊಂಡೇ ತಿರುಗೋದು ರೀ ಅದು" ಅಂದರು.

ಈಗ ಈ ಕಾರಿಗೆ ಬರೋಣ.

ಬಣ್ಣ ಕೆಂಪು. ಬಾಗಿಲ ಮೇಲೆ ಬಿಳಿ ವೃತ್ತ, ಅದರಲ್ಲಿ 7. ಒಳಗೆ ಡ್ರೈವರ್ ಸೀಟು ಒಂದೇ. ಹಿಂದಿನ ಸೀಟು, ಮೇಲಿನ ಬಟ್ಟೆ, ನೆಲದ ಮ್ಯಾಟು ಯಾವುದೂ ಇಲ್ಲ. ಪಕ್ಕದ ಕಿಟಕಿಗಳಿಗೆ ಗಾಜಿನ ಬದಲು ಅಕ್ರಿಲಿಕ್ ಹಾಳೆ. ಮಧ್ಯದಲ್ಲಿ, ಕಾರು ಉರುಳಿದರೆ ಡ್ರೈವರನ್ನು ಕಾಯುವ ಪೈಪಿನ ಪಂಜರ, ರೋಲ್ ಕೇಜ್. ಮೂಲ ಕಿಟನ್‌ಗೆ 10 ಇಂಚಿನ ಚಕ್ರ, ಇದಕ್ಕೆ 12 ಇಂಚಿನವು ಹಾಕಿದ್ದಾರೆ. ಕಾರ್ಬುರೇಟರ್ ಒಂದಿರಬೇಕಾದ ಕಡೆ ಎರಡು ಎಸ್‌ಯು ಕೂತಿವೆ.

ಮೊದಲು ಬಾಡಿ. ಫೈಬರ್ ಮೇಲೆ ಬಣ್ಣದ ದಪ್ಪ ಅಳೆಯುವ ಮ್ಯಾಗ್ನೆಟ್ ಮೀಟರು ಕೆಲಸ ಮಾಡುವುದಿಲ್ಲ. ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಹಾಗೆ ನಾಣ್ಯದಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದ ಕಡೆ ಟಕ್ ಟಕ್ ಅನ್ನುತ್ತದೆ. ಪದರ ಬಿಟ್ಟ ಕಡೆ, ಪುಟ್ಟಿ ತುಂಬಿದ ಕಡೆ ಸದ್ದು ಮಂಕಾಗುತ್ತದೆ. ಚಾವಣಿ ಚೆನ್ನಾಗಿದೆ. ಬಾಗಿಲುಗಳೂ ಚೆನ್ನಾಗಿವೆ. ಬಾಗಿಲ ಹಿಂದಿನ ಮೂಲೆಗಳಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕುಗಳಿವೆ, ಅವು ಮೇಲಿನ ತೆಳು ಪದರವಾದ ಜೆಲ್‌ಕೋಟಿನ ಮಟ್ಟದವು, ಚಿಂತೆ ಬೇಡ. ಎಡ ಮುಂದಿನ ಮಡ್‌ಗಾರ್ಡ್ ಮಾತ್ರ ಬೇರೆಯೇ ಸದ್ದು ಮಾಡಿತು. ಚಕ್ರದ ಒಳಗಿನಿಂದ ಟಾರ್ಚ್ ಬಿಟ್ಟು ನೋಡಿದೆ. ಒಂದು ಗೇಣಿನಷ್ಟು ಉದ್ದ ಒಡೆದು, ಒಳಗಿಂದ ಮೂರ್ನಾಲ್ಕು ಪದರ ಮ್ಯಾಟ್ ಹಾಕಿ ಕೂಡಿಸಿದ್ದಾರೆ. ಅವಸರದ ಕೆಲಸ. ರೆಸಿನ್ ಜಾಸ್ತಿ ಸುರಿದಿದ್ದಾರೆ, ಅಂಚು ಉಜ್ಜಿಲ್ಲ, ಬ್ರಷ್ಷಿನ ಒಂದೆರಡು ಕೂದಲೂ ಅಲ್ಲೇ ಅಂಟಿಕೊಂಡಿವೆ. ಆದರೆ ಕೂಡಿದ್ದು ಬಿಟ್ಟಿಲ್ಲ. ಇಷ್ಟು ವರ್ಷಕ್ಕೂ ಗಟ್ಟಿ ಇದೆ. ಮಾಡಿದವನ ಕೈ ನನಗೆ ಇಷ್ಟವಾಯಿತು.

ಗ್ಯಾರೇಜಿನ ಫೈಲಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ ಇದೆ. ಅಗಲವಾದ ಕಾಂಕ್ರೀಟ್ ಪಟ್ಟಿ, ಬದಿಯಲ್ಲಿ ಜನ, ನಡುವೆ ಒಂದು ಡಾಲ್ಫಿನ್. ಹಿಂದೆ ಪೆನ್ನಿನಲ್ಲಿ "ಶೋಲಾವರಂ" ಎಂದು ಬರೆದಿದೆ, ಇಸವಿ ಇಲ್ಲ. ಫೋಟೋದ ಕಾರಿಗೆ ಇರುವ ನಂಬರು 27. ಎದುರಿಗಿರುವ ಕಾರಿನ ಮೇಲೆ 7. ಇದನ್ನು ನೋಡಿ ಅನುಮಾನ ಬರುವುದು ಸಹಜ, ಅಲ್ವಾ? ಯಾವುದೋ ಡಾಲ್ಫಿನ್‌ಗೆ ಕೇಜ್ ಕೂರಿಸಿ, ಯಾವುದೋ ಫೋಟೋ ಜೊತೆಗಿಟ್ಟು ಮಾರುವುದು ಕಷ್ಟದ ಕೆಲಸವೇನಲ್ಲ.

ಅದಕ್ಕೇ ಫೋಟೋವನ್ನೂ ಕಾರನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಫೋಟೋದಲ್ಲಿ ಎಡ ಮಡ್‌ಗಾರ್ಡಿನ ಮೇಲೆ ದೀಪದ ಪಕ್ಕದಿಂದ ಚಕ್ರದ ಕಡೆಗೆ ಒಂದು ಗೆರೆ ಕಾಣುತ್ತದೆ. ಒಳಗಿನಿಂದ ನಾನು ನೋಡಿದ ಒಡಕು ಅದೇ ಜಾಗದಲ್ಲಿ, ಅದೇ ಓರೆಯಲ್ಲಿದೆ. ಎರಡನೆಯದು ಕೇಜಿನ ಓರೆ ಪೈಪು. ಸಾಮಾನ್ಯವಾಗಿ ಅದನ್ನು ಮೇಲಿನ ಮೂಲೆಗೇ ಸೇರಿಸುತ್ತಾರೆ. ಇಲ್ಲಿ ಮೂಲೆಯಿಂದ ಒಂದು ಅಂಗೈ ಕೆಳಗೆ ಬೆಸೆದಿದ್ದಾರೆ. ಫೋಟೋದಲ್ಲೂ ಹಾಗೇ ಇದೆ. ಮೂರನೆಯದನ್ನು ತೋರಿಸಿದವನು ಆ ಗ್ಯಾರೇಜಿನ ಮೆಕ್ಯಾನಿಕ್. ಬೆಳಗಾವಿ ಕಡೆಯ ಹುಡುಗ. ನಾನೂ ಗೆಳೆಯನೂ ಕನ್ನಡದಲ್ಲಿ ಮಾತಾಡುವುದು ಕೇಳಿ ಹತ್ತಿರ ಬಂದ. "ಕಾಕಾ, ಬ್ಯಾಟರಿ ಅಡ್ಡ ಹಿಡೀರಿ, ಬಾಗಲಾ ನೋಡ್ರಿ" ಅಂದ. ಟಾರ್ಚನ್ನು ಬಾಗಿಲಿಗೆ ಒರಗಿಸಿ ಹಿಡಿದರೆ, 7ರ ಎಡಕ್ಕೆ, ಕೆಂಪು ಬಣ್ಣದ ಕೆಳಗೆ, 2ರ ಅಂಚು ಎದ್ದು ಕಾಣುತ್ತದೆ. ಹಳೇ ಬಣ್ಣ ಕೆತ್ತದೆ ಅದರ ಮೇಲೇ ಹೊಡೆದಿದ್ದರಿಂದ ಅಂಚು ಉಳಿದಿದೆ.

ಹಾಗಾಗಿ ಫೋಟೋದ ಕಾರು ಇದೇ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗೆದ್ದಿತು ಅನ್ನುವುದಕ್ಕೆ ಫೈಲಿನಲ್ಲಿ ಏನೂ ಇಲ್ಲ. ಫಲಿತಾಂಶದ ಹಾಳೆ ಇಲ್ಲ, ಪತ್ರಿಕೆಯ ತುಣುಕಿಲ್ಲ, ಸರ್ಟಿಫಿಕೇಟ್ ಇಲ್ಲ. ಇರುವುದು ಕರ್ನಾಟಕದ ಕೆ-1000 ರ‍್ಯಾಲಿಯ ಒಂದು ಪ್ಲೇಟು, ಅದರ ಇಸವಿ ಉಜ್ಜಿ ಹೋಗಿದೆ. ಡ್ಯಾಶ್‌ಬೋರ್ಡಿನ ಕೆಳಗೆ ರೇಸಿಗೆ ಮುಂಚಿನ ತಪಾಸಣೆಯ (ಸ್ಕ್ರುಟಿನಿ) ಸ್ಟಿಕ್ಕರಿನ ಅರ್ಧ ಉಳಿದಿದೆ. ಮಾರುವವರಿಗೆ ನೇರವಾಗಿಯೇ ಹೇಳಿದೆ: "ವಿನ್ನರ್ ಅನ್ನೋ ಮಾತು ತೆಗೀರಿ. ಓಡಿದ ಕಾರು ಅಂತ ಹಾಕಿ, ಫೋಟೋ ಜೊತೆಗೆ ಹಾಕಿ, ಅದಕ್ಕೇ ಬೆಲೆ ಇದೆ." ನೋಡೋಣ ಅಂದರು. ತೆಗೆದಿದ್ದಾರೋ ಇಲ್ಲವೋ, ನೀವು ಹೋದಾಗ ಕೇಳಿ. ಓಡಿದ್ದೇ ದೊಡ್ಡ ವಿಷಯ. ಅದರ ಮೇಲೆ ಇಲ್ಲದ ಕಪ್ ಇಡುವುದು ಆ ಕಾರಿಗೂ ಅದನ್ನು ಓಡಿಸಿದವರಿಗೂ ಮಾಡುವ ಅನ್ಯಾಯ.

ಬಣ್ಣ ಹೊಡೆಸಬೇಡಿ ಅಂತ ನಾನು ಹಟ ಹಿಡಿಯುವುದೂ ಇದಕ್ಕೇ. ಯಾವುದೇ ಪೇಂಟ್ ಶಾಪಿಗೆ ಕೊಟ್ಟರೂ ಮೊದಲ ದಿನವೇ ಸ್ಯಾಂಡರ್ ಹಿಡಿದು ಬಾಗಿಲು ಸಪಾಟು ಮಾಡುತ್ತಾರೆ. 2 ಹೋಗುತ್ತದೆ. ಒಡಕಿನ ಮೇಲೆ ಪುಟ್ಟಿ ಬಳಿಯುತ್ತಾರೆ. ಕೇಜನ್ನು ಗ್ರೈಂಡರಿನಲ್ಲಿ ಕೊಯ್ದು ಗುಜರಿಗೆ ಹಾಕುತ್ತಾರೆ. ಆಮೇಲೆ ಕೈಯಲ್ಲಿ ಫೋಟೋ ಇರುತ್ತದೆ, ಅದಕ್ಕೆ ಹೊಂದುವ ಕಾರು ಇರುವುದಿಲ್ಲ. ಕಾಗದ ಇಷ್ಟು ಕಡಿಮೆ ಇರುವಾಗ ಬಾಡಿಯೇ ದಾಖಲೆ. ಇಂಥ ಕಾರುಗಳನ್ನು ಮಿರಿಮಿರಿ ಮಾಡಿ ಮದುವೆ ಮೆರವಣಿಗೆಗೆ ನಿಲ್ಲಿಸಿದ್ದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಕೇಜಿನ ವಿಷಯದಲ್ಲಿ ಮಾತ್ರ ಹುಷಾರು. ವರ್ನಿಯರ್ ಹಿಡಿದು ಅಳೆದೆವು. ಹೊರಗಿನ ವ್ಯಾಸ 42 ಮಿಮೀ ಮೇಲೆ ಒಂದು ಕೂದಲು. ಅದು ನೀರಿನ ಲೈನಿಗೆ ಹಾಕುವ ಒಂದೂಕಾಲು ಇಂಚಿನ ಪೈಪಿನ ಅಳತೆ. ಒಳಗೆ ಉದ್ದಕ್ಕೂ ಬೆಸುಗೆಯ ಗೆರೆಯೂ ಇದೆ. ಎಫ್‌ಐಎ (ಜಾಗತಿಕ ಮೋಟರ್ ರೇಸ್ ಸಂಸ್ಥೆ) ನಿಯಮದಲ್ಲಿ ಕೇಜಿನ ಮುಖ್ಯ ಕಮಾನಿಗೆ ಬೆಸುಗೆ ಇಲ್ಲದೆ ಎಳೆದ ಪೈಪೇ ಬೇಕು. ಒಂದೋ 45 ಮಿಮೀ ವ್ಯಾಸಕ್ಕೆ ಎರಡೂವರೆ ಮಿಮೀ ದಪ್ಪ, ಇಲ್ಲ 50ಕ್ಕೆ 2. ಆಗಿನ ಕಾಲದಲ್ಲಿ ಸಿಕ್ಕಿದ ಪೈಪಿನಲ್ಲಿ ಮಾಡಿಕೊಂಡಿದ್ದಾರೆ, ಸರಿ. ಈಗ ಅದನ್ನು ನಂಬಿಕೊಂಡು ಟ್ರ್ಯಾಕಿಗೆ ಇಳಿಯಬೇಡಿ. ಬಿಚ್ಚಿ ಹುಷಾರಾಗಿ ಎತ್ತಿಡಿ, ಓಡಿಸಲು ಹೊಸದು ಮಾಡಿಸಿ. ಬೆಲ್ಟೂ ಹಾಗೆಯೇ. ಎಫ್‌ಐಎ ಮುದ್ರೆಯ ಹಾರ್ನೆಸ್‌ಗೆ ಐದು ವರ್ಷದ ಆಯಸ್ಸು ಅಷ್ಟೇ. ಈ ಕಾರಿನಲ್ಲಿರುವುದು ಬಿಸಿಲಿಗೆ ಬಣ್ಣ ಹೋಗಿ ಬಟ್ಟೆ ಪುಡಿ ಆಗುತ್ತಿರುವ ಬೆಲ್ಟು. ಜೀವ ಕಾಯುವ ವಸ್ತು ಹೊಸದಿರಬೇಕು, ಮಿಕ್ಕಿದ್ದು ಇದ್ದ ಹಾಗೆ ಇರಲಿ.

ಚಾಸಿ ನೋಡಲು ಪಿಟ್ ಮೇಲೆ ನಿಲ್ಲಿಸಿ ಅಂದೆವು. ತಕರಾರಿಲ್ಲದೆ ನಿಲ್ಲಿಸಿದರು. ಈ ವಿಷಯದಲ್ಲಿ ಗ್ಯಾರೇಜಿನವರನ್ನು ಮೆಚ್ಚಬೇಕು. ಫೈಬರ್ ಬಾಡಿಗೆ ತುಕ್ಕು ಹಿಡಿಯಲ್ಲ ಅಂತ ಜನ ಮೋಸ ಹೋಗುವುದು ಇಲ್ಲೇ. ಕೆಳಗಿನ ಚಾಸಿ ಉಕ್ಕಿನದು. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಬಲಗಡೆಯ ಬ್ರಾಕೆಟ್ಟಿನ ಸುತ್ತ ತುಕ್ಕು ತಿಂದಿದೆ. ಸ್ಕ್ರೂಡ್ರೈವರ್ ಚುಚ್ಚಿದರೆ ಹಪ್ಪಳ ಏಳುತ್ತದೆ. ಅಷ್ಟು ಭಾಗ ಕತ್ತರಿಸಿ ಹೊಸ ತಗಡು ಕೂರಿಸಲೇಬೇಕು. ಮುಂಭಾಗ ಒಣಗಿ ಗಟ್ಟಿಯಾಗಿದೆ. ಚಾಸಿ ನಂಬರ್ ಓದಲು ಬರುತ್ತದೆ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆವು.

ಎಂಜಿನ್ ಬಗ್ಗೆ ಗೆಳೆಯನ ಮಾತು ನಂಬಿ ಬರೆಯುತ್ತಿದ್ದೇನೆ. ಅವನು ಮೊದಲು ತೆಗೆದದ್ದು ರೇಡಿಯೇಟರ್ ಮುಚ್ಚಳ. ಒಳಗೆ ಕಂದು ನೀರು, ಕೂಲಂಟ್ ಹಾಕೇ ಇಲ್ಲ. ಅಲ್ಯೂಮಿನಿಯಂ ಎಂಜಿನ್ನಿಗೆ ಸಾದಾ ನೀರು ವಿಷ. ಈ ರಿಲಯಂಟ್ ಎಂಜಿನ್ನಿನ ಸಿಲಿಂಡರ್ ಲೈನರ್‌ಗಳು ಎರಕದ ಕಬ್ಬಿಣದವು. ಅವುಗಳ ಸುತ್ತ ನೀರೇ ಹರಿಯುತ್ತದೆ. ಎರಡು ಲೋಹ, ನಡುವೆ ಬೋರ್‌ವೆಲ್ ನೀರು. ಒಳಗೊಳಗೇ ತಿಂದು ಹಾಕುತ್ತದೆ. ಹೆಡ್ ಕೂಡ ಸ್ಟಡ್‌ಗಳಿಗೆ ಕಚ್ಚಿಕೊಂಡು ಬಿಚ್ಚಲು ಬರದ ಹಾಗೆ ಆಗುತ್ತದೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದಾಗ ಮೂರು ಸಿಲಿಂಡರ್ 150 ಪಿಎಸ್ಐ ಆಸುಪಾಸು ಬಂತು, ನಾಲ್ಕನೆಯದು 115ಕ್ಕೆ ನಿಂತಿತು. ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ನೋಡಿದರೂ ಏರಲಿಲ್ಲ. ರಿಂಗ್ ಅಲ್ಲ, ವಾಲ್ವೋ ಗ್ಯಾಸ್ಕೆಟ್ಟೋ ಇರಬೇಕು ಅಂದ. ಹೆಡ್ ಬಿಚ್ಚುವ ಖರ್ಚು ಗ್ಯಾರಂಟಿ ಅಂತ ಲೆಕ್ಕ ಹಾಕಿಕೊಳ್ಳಿ. ಪೆಟ್ರೋಲ್ ಪೈಪುಗಳೂ ಹಳೇ ರಬ್ಬರಿನವು. ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿಗೆ ಅವು ತಾಳುವುದಿಲ್ಲ. ಓಡಿಸುವ ಮೊದಲೇ ಬದಲಿಸಬೇಕು.

ಓಡಿಸಿದ್ದು ಶೆಡ್ಡಿನ ಹಿಂದಿನ ಕಾಂಕ್ರೀಟ್ ದಾರಿಯಲ್ಲಿ ಮಾತ್ರ. ಆರ್‌ಸಿ ಅವಧಿ ಮುಗಿದ ಕಾರು, ರಸ್ತೆಗೆ ಇಳಿಸುವಂತಿಲ್ಲ. ಅಷ್ಟರಲ್ಲೇ ಮನಸ್ಸು ಸೋತಿತು. ಸ್ಟಿಯರಿಂಗ್ ಎರಡು ಬೆರಳಿಗೆ ತಿರುಗುತ್ತದೆ. ಮುಂದಿನ ಚಕ್ರ ಯಾವ ಕಲ್ಲಿನ ಮೇಲಿದೆ ಅಂತ ಕೈಗೆ ಗೊತ್ತಾಗುತ್ತದೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎರಡೂ ಕಾರ್ಬುರೇಟರ್ ಗಾಳಿ ಎಳೆಯುವ ಸದ್ದು ಖಾಲಿ ಫೈಬರ್ ಡಬ್ಬಿಯೊಳಗೆ ತುಂಬಿಕೊಳ್ಳುತ್ತದೆ, ಹಿಂಭಾಗ ಕುಣಿಯಲು ಶುರು ಮಾಡುತ್ತದೆ. ವೇಗ ಎಷ್ಟಿತ್ತು ಅಂದರೆ ಸ್ಕೂಟರಿನಷ್ಟು. ಆದರೂ ಮೈ ಎಚ್ಚರವಾಯಿತು. ಗೇರು ಎರಡಕ್ಕೆ ಹಾಕುವಾಗ ಕರಕರ ಅನ್ನುತ್ತದೆ. ಬ್ರೇಕು ನಾಲ್ಕೂ ಡ್ರಮ್ಮು, ಎಡಕ್ಕೆ ಎಳೆಯುತ್ತದೆ. ಇದೇನೂ ದೊಡ್ಡದಲ್ಲ.

ಕಾಗದದ ವಿಷಯ ದೊಡ್ಡದು. ಜಾಹೀರಾತಿನಲ್ಲಿ ವಿಂಟೇಜ್ ಅಂದಿದ್ದಾರಲ್ಲ, ಸರ್ಕಾರದ ಲೆಕ್ಕದಲ್ಲಿ ಇದು ವಿಂಟೇಜ್ ಅಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಆಗ ಮಾತ್ರ ವಿಎ ಅಕ್ಷರದ ನಂಬರ್ ಪ್ಲೇಟು ಸಿಗುತ್ತದೆ. 1982ರ ನಂತರ ಹುಟ್ಟಿದ ಕಾರಿಗೆ ಆ ದಾರಿ ಇನ್ನೂ ತೆರೆದಿಲ್ಲ. ಮಾಮೂಲಿ ಹಳೇ ಕಾರಿನ ಹಾಗೇ ಆರ್‌ಸಿ ನವೀಕರಿಸಬೇಕು. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿಗೆ ಅದರ ಶುಲ್ಕ 10,000 ರೂಪಾಯಿ. ಈ ಕಾರಿಗೆ ಇರುವುದು ಸಿ ಅಕ್ಷರದಿಂದ ಶುರುವಾಗುವ ಹಳೇ ಕರ್ನಾಟಕದ ನಂಬರು. ಕಂಪ್ಯೂಟರಿನಲ್ಲಿ ದಾಖಲೆ ಇದೆಯೋ ಇಲ್ಲವೋ ಅಂತ ಮೂಲ ಆರ್‌ಟಿಒದಲ್ಲೇ ವಿಚಾರಿಸಬೇಕು. ಆರ್‌ಸಿಯಲ್ಲಿ ಹೆಸರಿರುವವರು ಈಗಿನ ಮಾರಾಟಗಾರರಲ್ಲ, ಹೆಸರು ಬದಲಾವಣೆಗೆ ಬೇಕಾದ, ಅವರ ಸಹಿ ಹಾಕಿದ ಫಾರಂ 29 ಮತ್ತು 30 ಫೈಲಿನಲ್ಲಿ ಇಲ್ಲ. ಕರ್ನಾಟಕದವರು ಕೊಂಡರೆ ಎನ್‌ಒಸಿ ಓಡಾಟ ತಪ್ಪುತ್ತದೆ. ಪುಣೆಯವರು ಕೊಂಡು ಟ್ರ್ಯಾಕಿನಲ್ಲಿ ಮಾತ್ರ ಓಡಿಸುತ್ತೇನೆ ಅಂದರೆ ತಳೇಗಾಂವ್ ಕಡೆ ನಾನೋಲಿ ಟ್ರ್ಯಾಕ್ ಹತ್ತಿರವೇ ಇದೆ, ಲಾರಿಯಲ್ಲಿ ಒಯ್ಯಬಹುದು. ಆಗಲೂ ಮಾಲೀಕತ್ವದ ಕಾಗದ ಬೇಕೇ ಬೇಕು.

ಗ್ಯಾರೇಜಿನವರ ಮೇಲೆ ನನಗಿರುವ ಒಂದೇ ಬೇಸರ ಫೈಲಿನದು. ಕಾರಿಗೆ ಒಂಬತ್ತು, ಫೋಟೋ ಮತ್ತು ರ‍್ಯಾಲಿ ಪ್ಲೇಟು ಬೇಕಿದ್ದರೆ ಬೇರೆ ಮಾತಾಡೋಣ ಅಂದರು. ಇದು ಸರಿಯಲ್ಲ. ಆ ಫೋಟೋ ಯಾರದೋ ಗೋಡೆಗೆ, ಕಾರು ಇನ್ಯಾರದೋ ಅಂಗಳಕ್ಕೆ ಹೋದರೆ ಎರಡೂ ಕೆಟ್ಟವು. ಅಲ್ಲೇ ಗಟ್ಟಿಯಾಗಿ ಹೇಳಿದೆ. ಕೊನೆಗೆ ಮೊಬೈಲಿನಲ್ಲಿ ಎಲ್ಲ ಹಾಳೆಗಳ ಫೋಟೋ ತೆಗೆದುಕೊಳ್ಳಲು ಬಿಟ್ಟರು.

ಚಾಸಿ ತುಂಡು, ಹೆಡ್ಡು, ಬ್ರೇಕು, ಪೈಪು, ಹೊಸ ಕೇಜು, ಬೆಲ್ಟು, ಸೀಟು ಎಲ್ಲ ಸೇರಿ ಎರಡೂವರೆ ಲಕ್ಷಕ್ಕೆ ಕಡಿಮೆ ಆಗುವುದಿಲ್ಲ ಅಂತ ಗೆಳೆಯನ ಅಂದಾಜು. ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟು: ಫೈಲು ಕಾರಿನ ಜೊತೆಗೇ ಬಂದು, 29 ಮತ್ತು 30ಕ್ಕೆ ಸಹಿ ಬಿದ್ದರೆ ಐದು ಲಕ್ಷದ ತನಕ ಹೋಗು. ಫೈಲಿಲ್ಲದೆ ಮೂರರ ಮೇಲೆ ಒಂದು ರೂಪಾಯಿ ಬೇಡ. ಅವನು ಐದು ಅಂದಿದ್ದಾನೆ, ಅವರು ಏಳಕ್ಕೆ ಇಳಿದಿದ್ದಾರೆ. ಬೇರೆ ಯಾರಾದರೂ ನೋಡಲು ಹೋಗುವುದಿದ್ದರೆ ಟಾರ್ಚ್ ಮತ್ತು ಒಂದು ನಾಣ್ಯ ಇಟ್ಟುಕೊಂಡು ಹೋಗಿ, ಎಂಜಿನ್ ಮೊದಲೇ ಬಿಸಿ ಮಾಡಿಡಬೇಡಿ ಅಂತ ಫೋನಿನಲ್ಲೇ ಹೇಳಿ. ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆ ಅಂತ ನೋಡುವುದು ನಮಗೆ ಆಗಲಿಲ್ಲ, ನಾವು ಹೋಗುವಷ್ಟರಲ್ಲಿ ಅದು ಓಡುತ್ತಿತ್ತು.